ಬೈಯಲು ಬಂದವಳು

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಪುಣೆಯ ಜೈಲಿನ ಹೆಂಗಸರ ಅಂಗಳದಲ್ಲಿ ನನ್ನ ಜೊತೆ ಹದಿನೆಂಟು ವರ್ಷ ಕೆಲಸ ಮಾಡಿದ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಹೆಸರು ಅಂಬಾ. ಖೈದಿಗಳು ಎದುರಿಗೆ ಅಂಬಾಬಾಯಿ ಅನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಿದ್ದರೋ, ಅದನ್ನು ಕೇಳಿಯೂ ಕೇಳದವಳ ಹಾಗೆ ನಡೆಯುವುದನ್ನು ಕಲಿತಿದ್ದೆ.

ಹುಟ್ಟಿದ್ದು ಧಾರವಾಡದಲ್ಲಿ. ಹನ್ನೊಂದಕ್ಕೆ ಮದುವೆ, ಹದಿಮೂರಕ್ಕೆ ಕುಂಕುಮ ಹೋಯಿತು. ಅಣ್ಣ ಧೈರ್ಯ ಮಾಡಿ ಪುಣೆಗೆ ಕರೆತಂದು ವಿಧವೆಯರ ಶಾಲೆಗೆ ಸೇರಿಸಿದ. ಅಲ್ಲಿಂದ ನರ್ಸಿನ ಕೆಲಸ ಕಲಿತೆ, ಅಲ್ಲಿಂದ ಜೈಲಿನ ಮೇಟ್ರನ್ ಆದೆ. ನಮ್ಮ ಸೋದರತ್ತೆ ಸಾಯುವ ತನಕ ಮನೆಗೆ ಬಂದವರ ಮುಂದೆ, "ನಮ್ಮ ಅಂಬಾ ಜೇಲಿನಾಗ ಇದ್ದಾಳ್ರೀ" ಎಂದು ಹೇಳಿ, ಅವರು ಗಾಬರಿಯಾಗುವುದನ್ನು ನೋಡಿ ಸಂತೋಷಪಡುತ್ತಿದ್ದಳು.

ನಾನು ಹೇಳುವ ಸಂಗತಿ ಮೂವತ್ತಾರನೆಯ ಇಸವಿಯದು, ದೀಪಾವಳಿ ಮುಗಿದ ಮೇಲಿನದು. ಆಗ ಬೆಳಗಾವಿ, ಧಾರವಾಡ, ಪುಣೆ ಎಲ್ಲ ಒಂದೇ ಮುಂಬಯಿ ಇಲಾಖೆ. ನಮ್ಮ ಕಡೆಯ ಹೆಂಗಸರಿಗೆ ದೊಡ್ಡ ಶಿಕ್ಷೆಯಾದರೆ ಇಲ್ಲಿಗೆ ತಂದು ಬಿಡುತ್ತಿದ್ದರು. ನಾನು ಲೋಣಾವಳಾದಲ್ಲಿ ಅಣ್ಣನ ಮಗಳ ಬಾಣಂತನಕ್ಕೆಂದು ಎಂಟು ದಿನ ರಜೆ ಹಾಕಿದ್ದೆ. ತಿರುಗಿ ಬಂದಾಗ ಅಂಗಳದಲ್ಲಿ ಯಾವ ಹೆಂಗಸೂ ಬೀಸುವ ಕೆಲಸಕ್ಕೆ ಕೂತಿರಲಿಲ್ಲ. ಎಲ್ಲರೂ ಒಂದು ಮೂಲೆಗೆ ಸರಿದು ನಿಂತಿದ್ದರು.

"ಹೊಸಬಳು ಬಂದಿದ್ದಾಳೆ, ಬಾಯೀ. ಮಾಟಗಾತಿ. ಬರಿಗೈ ನೋಡಿಕೊಂಡು ಮಂತ್ರ ಹಾಕುತ್ತಾಳೆ," ಎಂದಳು ಭಾಮಾ. ಈ ಭಾಮಾ ಸಾತಾರೆಯ ಕಡೆಯ ಹಳೇ ಖೈದಿ, ಕಳ್ಳತನದಲ್ಲಿ ಮೂರನೆಯ ಸಲ ಬಂದವಳು, ಯಾರಿಗೂ ಹೆದರುವವಳಲ್ಲ. ಆಕೆಯೇ ಹೆದರಿದ್ದಳು.

ಹೊಸಬಳ ಹೆಸರು ಬಸವಣ್ಣೆವ್ವ. ಸವದತ್ತಿ ಕಡೆಯ ಒಂದು ಹಳ್ಳಿಯವಳು, ನಲವತ್ತರ ಆಸುಪಾಸು. ನೆಗೆಣ್ಣಿಯನ್ನು, ಎಂದರೆ ಮೈದುನನ ಹೆಂಡತಿಯನ್ನು, ಕೊಂದದ್ದಕ್ಕೆ ಏಳು ವರ್ಷ ಸಕ್ತಮಜೂರಿಯ ಕಠಿಣ ಶಿಕ್ಷೆ. ಬಂದು ಐದು ದಿನವಾಗಿತ್ತು. ಐದು ದಿನವೂ ಬರೀ ನೀರು ಕುಡಿದಿದ್ದಳು, ಒಂದು ತುತ್ತು ಅನ್ನ ಮುಟ್ಟಿರಲಿಲ್ಲ. ಮರಾಠಿ ಬಾರದು, ಹಿಂದುಸ್ತಾನಿ ಬಾರದು. ಬೆಳಿಗ್ಗೆ ಮೈತೊಳೆದುಕೊಂಡು ಬಂದು ಗೋಡೆಗೆ ಒರಗದೆ ನೆಟ್ಟಗೆ ಕೂತು, ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅದನ್ನೇ ನೋಡುವಳು. ತುಟಿ ಅಲುಗುತ್ತಿತ್ತು. ಆಮೇಲೆ ಕೈ ಮುಚ್ಚಿ, ಮತ್ತೆ ಸಂಜೆಯ ತನಕ ಮಾತಿಲ್ಲ ಕತೆಯಿಲ್ಲ.

ಹಿಂದಿನ ದಿನ ನಮ್ಮ ದೊಡ್ಡ ಡಾಕ್ಟರ ಸಾಹೇಬ ಬಂದು ನೋಡಿದ್ದ. ಇಂಗ್ಲಿಷಿನವನು, ಕೆಟ್ಟವನಲ್ಲ. ಆದರೆ ಗಡಿಯಾರ ನೋಡಿಕೊಂಡು ರೋಗಿಯನ್ನು ನೋಡುವವನು. ಪುಸ್ತಕದಲ್ಲಿ ಬರೆದಿದ್ದ: ಇಲ್ಲದ ವಸ್ತು ಕಾಣುತ್ತಾಳೆ, ಅದರೊಡನೆ ಮಾತಾಡುತ್ತಾಳೆ, ಆಹಾರ ಒಲ್ಲಳು. ಹತ್ತು ದಿನ ನಿಗಾ ಇಡಬೇಕು, ಸುಧಾರಿಸದಿದ್ದರೆ ಹುಚ್ಚರ ಆಸ್ಪತ್ರೆಗೆ ಕಳಿಸಬೇಕು.

ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಎರಡು ವರ್ಷದ ಹಿಂದೆ ಕೊಂಕಣದ ಒಬ್ಬಳನ್ನು ನಾನೇ ಟಾಂಗಾದಲ್ಲಿ ಕೂರಿಸಿಕೊಂಡು ಆ ಆಸ್ಪತ್ರೆಗೆ ಬಿಟ್ಟು ಬಂದಿದ್ದೆ. ಆರು ತಿಂಗಳಾದ ಮೇಲೆ ನೋಡಲು ಹೋದರೆ ಆಕೆಗೆ ತನ್ನ ಹೆಸರೇ ನೆನಪಿರಲಿಲ್ಲ. ಜೈಲಿನ ಶಿಕ್ಷೆಗಾದರೂ ಇಂತಿಷ್ಟು ವರ್ಷ ಅಂತ ಲೆಕ್ಕವಿದೆ, ಅಲ್ಲಿಗೆ ಅದೂ ಇಲ್ಲ. ಕನ್ನಡ ಬಿಟ್ಟು ಬೇರೆ ಬಾರದ ಈ ಹೆಂಗಸು ಅಲ್ಲಿಗೆ ಹೋದರೆ ತಾನು ಹುಚ್ಚಿಯಲ್ಲ ಅಂತ ಯಾರಿಗೆ ಹೇಳಿಯಾಳು?

ಹತ್ತಿರ ಹೋಗಿ ಕೂತು ಕೇಳಿದೆ, "ಯಾವೂರವ್ವಾ?"

ಆಕೆ ಬೆಚ್ಚಿ ನೋಡಿದಳು. ಐದು ದಿನಕ್ಕೆ ಕಿವಿಗೆ ಬಿದ್ದ ಮೊದಲ ಕನ್ನಡ ಮಾತು ಅದು. ಕಣ್ಣು ತುಂಬಿದವು, ಆದರೆ ಬಾಯಿ ಬಿಡಲಿಲ್ಲ. ಕೊರಳು ನೋಡಿದೆ. ಬರಿದಾಗಿತ್ತು. ಹಣೆಯ ಮೇಲೆ ವಿಭೂತಿ ಇಲ್ಲದಿದ್ದರೂ ಮೂರು ಬೆರಳು ದಿನಾ ಎಳೆದು ಎಳೆದು ಚರ್ಮ ಬೆಳ್ಳಗಾದ ಗುರುತಿತ್ತು.

ಅಯ್ಯೋ ನನ್ನ ಕರ್ಮವೇ, ಅಂದುಕೊಂಡೆ. ಇದಕ್ಕೆ ಇಂಗ್ಲಂಡಿನ ಡಾಕ್ಟರ ಬೇಕೇನು? ಲಿಂಗವಂತರ ಹೆಣ್ಣುಮಗಳು, ಲಿಂಗಪೂಜೆ ಆಗದೆ ಉಣ್ಣುವುದಿಲ್ಲ. ಆಫೀಸಿನ ಕತ್ತೆಗಳು ಬಂದ ದಿನವೇ ಕೊರಳಿನ ಲಿಂಗ ಕಿತ್ತುಕೊಂಡು ಕಪಾಟಿನಲ್ಲಿ ಇಟ್ಟಿವೆ. ಪಾಪದವಳು ಬರಿಗೈಯನ್ನು ಪೂಜಿಸುತ್ತಿದ್ದಾಳೆ.

ನಮ್ಮದು ಮಾಧ್ವರ ಮನೆ. ನಮ್ಮ ಅಜ್ಜನ ಎದುರಿಗೆ ಲಿಂಗದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಆ ಅಜ್ಜನ ಮೊಮ್ಮಗಳು ನಾನು ಅವತ್ತು ಲಿಂಗದ ಪರವಾಗಿ ಜೈಲರನ ಆಫೀಸಿಗೆ ನುಗ್ಗಿದೆ.

ಜೈಲರ ದಿಗಂಬರಪಂತ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಕಾಗದ ನೋಡುತ್ತಿದ್ದ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಕೇಳಿಸಿಕೊಂಡು ಮರಾಠಿಯಲ್ಲಿ, "ನಾವು ಕಿತ್ತುಕೊಂಡಿಲ್ಲ, ಅಂಬಾಬಾಯಿ. ಅದನ್ನು ಇಟ್ಟುಕೋ ಎಂದು ನಾನೇ ಕೈಸನ್ನೆ ಮಾಡಿದೆ. ಅವಳೇ ಬಿಚ್ಚಿ ಮೇಜಿನ ಮೇಲಿಟ್ಟಳು," ಎಂದ.

"ಸುಳ್ಳಿಗೂ ಒಂದು ಮಿತಿ ಇರಲಿ, ಪಂತ. ಆ ಜನ ಪ್ರಾಣ ಬಿಟ್ಟಾರು, ಲಿಂಗ ಬಿಡುವುದಿಲ್ಲ."

"ಲಿಂಗ ಇಟ್ಟ ಕರಡಿಗೆ ಬೆಳ್ಳಿಯದು. ಒಳಗೆ ಹೋಗಿ ಕಳೆದರೆ ಯಾರು ಹೊಣೆ?"

"ನಾನು. ಬರೆದುಕೊಳ್ಳಿ," ಎಂದು ಸಹಿ ಒಗೆದು, ಕರಡಿಗೆಯನ್ನು ತೊಳೆದ ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೊರಟೆ. ಬೇರೆಯವರ ಲಿಂಗವನ್ನು ಮುಟ್ಟಬಾರದು ಅನ್ನುವಷ್ಟು ನನಗೆ ಗೊತ್ತಿತ್ತು. ದಾರಿಯಲ್ಲಿ ನನ್ನ ಬಗ್ಗೆ ನನಗೇ ಭಾರಿ ಅಭಿಮಾನವಾಗಿತ್ತು.

ಬಸವಣ್ಣೆವ್ವನ ಮುಂದೆ ಬಟ್ಟೆ ಬಿಚ್ಚಿ ಇಟ್ಟೆ. "ತೊಗೊ ನಿನ್ನ ದೇವರು. ಪೂಜಾ ಮಾಡಿ ನಾಕು ತುತ್ತು ಉಣ್ಣು. ಯಾರು ಕಸಗೊಂಡ್ರೋ ಅವರಿಗೆ ನಾ ಬೈದು ಬಂದೇನಿ."

ಆಕೆ ಹಾವು ಕಂಡವಳ ಹಾಗೆ ಹಿಂದಕ್ಕೆ ಸರಿದು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಯಾರೂ ಕಸಗೊಂಡಿಲ್ರಿ, ಬಾಯಾರ," ಎಂದಳು. ದನಿ ಒಣಗಿತ್ತು. "ನಾನs ತಗದ ಇಟ್ನಿ. ಈ ಕೈಯಾಗ ಅದನ್ನ ಹ್ಯಾಂಗ ಹಿಡೀಲಿ?"

ನನ್ನ ಮುಖ ಇಷ್ಟು ಸಣ್ಣದಾಯಿತು. ಮಾಡದ ತಪ್ಪಿಗೆ ದಿಗಂಬರಪಂತನಿಗೆ ಅಷ್ಟು ಬೈದು ಬಂದಿದ್ದೆನಲ್ಲ!

ಅವತ್ತು ಮಧ್ಯಾಹ್ನ ಆಕೆಯ ಕತೆ ಒಂದೊಂದೇ ಮಾತಾಗಿ ಹೊರಗೆ ಬಂತು. ನೆಗೆಣ್ಣಿಯ ಹೆಸರು ಸಂಗವ್ವ. ಹದಿನಾಲ್ಕಕ್ಕೆ ಆ ಮನೆಗೆ ಸೊಸೆಯಾಗಿ ನಡೆಯಲು ಬಂದವಳು, ಹತ್ತು ವರ್ಷ ಒಂದೇ ಒಲೆಯ ಮುಂದೆ ಇಬ್ಬರೂ ರೊಟ್ಟಿ ಬಡಿದವರು. ಬಸವಣ್ಣೆವ್ವನಿಗೆ ಮಕ್ಕಳಿರಲಿಲ್ಲ, ಸಂಗವ್ವನಿಗೂ ಆಗಲಿಲ್ಲ. ಒಂದು ದಿನ ಯಾರೋ ಕರುವಿನ ಹಗ್ಗ ಕಟ್ಟದೆ ಬಿಟ್ಟು, ಕರು ಹಾಲೆಲ್ಲ ಕುಡಿದುಬಿಟ್ಟಿತು. ನೀ ಬಿಟ್ಟಿ, ನೀ ಬಿಟ್ಟಿ ಎಂದು ಮಾತಿಗೆ ಮಾತು ಬೆಳೆಯಿತು. ಬಸವಣ್ಣೆವ್ವ ಕೈಯಲ್ಲಿದ್ದ ಕಬ್ಬಿಣದ ಊದುಗೊಳವೆಯನ್ನು ಬೀಸಿದಳು. ಕಪಾಳಕ್ಕೆ ಎಂದು ಬೀಸಿದ್ದು ಕಣತಲೆಗೆ ಬಿತ್ತು. ಅಷ್ಟೇ. ಸೇರು ಹಾಲಿಗಾಗಿ ಒಂದು ಜೀವ ಹೋಯಿತು.

"ಲಿಂಗಾ ಮುಟ್ಟಾಕ ಕೈ ಇಲ್ಲ. ಲಿಂಗಾ ಮುಟ್ಟದs ಉಣ್ಣಾಕ ಬರೂದಿಲ್ಲ. ನೀವs ಹೇಳ್ರಿ, ನಾ ಏನ ಮಾಡ್ಲಿ?"

"ಮತ್ತ ದಿನಾ ಬರಿಗೈ ಹಿಡಕೊಂಡು ಏನ ನೋಡ್ತೀ?"

"ಕೈ ನೋಡ್ತೀನ್ರಿ. ಇನ್ನಾ ಅದs ಕೈ ಐತೇನು, ಬ್ಯಾರೆ ಆಗೇತೇನು ಅಂತ."

ಹುಚ್ಚು ಹಿಡಿದವಳ ಮಾತಲ್ಲ ಇದು. ಲೆಕ್ಕ ಸರಿಯಾಗಿಯೇ ಇತ್ತು, ಎಲ್ಲಿಯೂ ತಪ್ಪು ಹಿಡಿಯುವ ಹಾಗಿರಲಿಲ್ಲ. ಆದರೆ ಆ ಲೆಕ್ಕದ ಕೊನೆಗೆ ಇದ್ದದ್ದು ಸಾವು, ಇಲ್ಲವೇ ಹುಚ್ಚರ ಆಸ್ಪತ್ರೆ. ಡಾಕ್ಟರನಿಗೆ ಹೇಳಿ ನೋಡಿದೆ. ತಿಂದರೆ ಒಪ್ಪುತ್ತೇನೆ, ಇಲ್ಲವಾದರೆ ಕಾರಣ ಯಾವುದಾದರೇನು ಎಂದ. ಅವನು ಹೇಳಿದ್ದೂ ಸುಳ್ಳಲ್ಲ.

ಏಳನೆಯ ದಿನದಿಂದ ಮೂಗಿನಲ್ಲಿ ನಳಿಗೆ ಹಾಕಿ ಹಾಲು ಹೊಯ್ಯಲು ಹುಕುಂ ಆಯಿತು. ತಲೆ ಹಿಡಿಯುವವಳು ನಾನೇ. ಬಸವಣ್ಣೆವ್ವ ಒದ್ದಾಡಲಿಲ್ಲ, ಚೀರಲಿಲ್ಲ. ಹಾಲು ಒಳಗೆ ಹೋಗುತ್ತಿತ್ತು, ಅರ್ಧ ಹೊರಗೆ ಬರುತ್ತಿತ್ತು. ಮುಗಿದ ಮೇಲೆ ನನ್ನ ಸೀರೆಗೆ ಬಿದ್ದ ಹಾಲನ್ನು ತನ್ನ ಸೆರಗಿನಿಂದ ಒರೆಸಲು ಬಂದಳು. ನನಗೆ ಅಳು ಬಂತು, ಅದಕ್ಕೇ ಗದರಿದೆ.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಭವಾನಿ ಪೇಠೆಯಲ್ಲಿ ಸಿದ್ರಾಮಪ್ಪ ಎಂಬ ಬೆಲ್ಲದ ವ್ಯಾಪಾರಿ ಇದ್ದರು, ಬೈಲಹೊಂಗಲದವರು. ಪುಣೆಯಲ್ಲಿ ನಮ್ಮ ಕಡೆಯವರಿಗೆ ಏನೇ ಆದರೂ ಅವರ ಅಂಗಡಿಯ ಕಟ್ಟೆಯೇ ಗತಿ. ಟಾಂಗಾ ಮಾಡಿಕೊಂಡು ಹೋಗಿ ಹೇಳಿದೆ. ಅವರು ಮರುದಿನವೇ ತಮ್ಮ ಮನೆಯ ಗುರುಗಳಾದ ಅಯ್ಯನವರನ್ನು ಕರೆದುಕೊಂಡು ಬಂದರು. ಅಯ್ಯನವರು ವಯಸ್ಸಾದವರು, ಮೆದು ಮಾತಿನವರು. ಹಾಸಿಗೆಯ ಪಕ್ಕ ನಿಂತು, "ತಂಗೀ, ಶಿವ ಎಲ್ಲಾ ನೋಡ್ಯಾನ. ಪಶ್ಚಾತ್ತಾಪ ಆತಂದ್ರ ಮುಗೀತು. ಕೈ ಚಾಚು, ನಾ ಲಿಂಗಾ ಇಡ್ತೀನಿ," ಎಂದರು.

ಬಸವಣ್ಣೆವ್ವ ಮಲಗಿದ್ದಲ್ಲೇ ಹಣೆ ನೆಲಕ್ಕೆ ಮುಟ್ಟಿಸಲು ನೋಡಿದಳು, ಆದರೆ ಕೈ ಚಾಚಲಿಲ್ಲ. "ನಿಮ್ಮ ಪಾದಕ್ಕ ಶರಣ್ರಿ, ಅಪ್ಪಾರ. ನೀವು ದೊಡ್ಡವರು. ಆದ್ರ ನಾ ಹೊಡದದ್ದು ನಿಮಗಲ್ಲರಿ, ಶಿವಗೂ ಅಲ್ಲ."

ಅಯ್ಯನವರು ನನ್ನ ಮುಖ ನೋಡಿದರು.

ಅವರು ಹೋದ ಮೇಲೆ ನನ್ನ ತಾಳ್ಮೆ ಹರಿಯಿತು. ಬಾಯಿಗೆ ಬಂದ ಹಾಗೆ ಬೈದೆ. ಮೂಳಿ, ಮೊಂಡಿ, ನಿನಗಾಗಿ ನಾನು ಯಾರು ಯಾರ ಕಾಲು ಹಿಡಿಯಬೇಕು, ನಿನ್ನ ಕೈ ದೊಡ್ಡದೋ ಶಿವ ದೊಡ್ಡವನೋ, ಇಲ್ಲಿ ಸಾಯಬೇಡ, ಸಾಯುವುದಿದ್ದರೆ ಊರಿಗೆ ಹೋಗಿ ಸಾಯಿ, ಅಂತ. ಅಂಗಳದ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ನಿಂತರು. ನನ್ನ ಕನ್ನಡ ತಿಳಿಯದಿದ್ದರೂ ಬೈಗಳ ಅಂದ ಅವರಿಗೆ ತಿಳಿಯಿತು.

ಬಸವಣ್ಣೆವ್ವ ಎಲ್ಲ ಕೇಳಿ ಮೆಲ್ಲಗೆ, "ನಿಮಗ ನಾ ಏನ ಮಾಡೇನ್ರಿ, ನೀವು ಬೈಯಾಕ?" ಎಂದಳು. ಕುಹಕದಿಂದ ಅಲ್ಲ, ನಿಜವಾಗಿಯೇ ಕೇಳಿದಳು. "ಬೈಬೇಕಾದಾಕಿ ಬೈಲಿಲ್ಲ. ಸಂಗವ್ವನ ಅವ್ವ, ಶಿವಗಂಗವ್ವ. ಕೋರ್ಟಿನ್ಯಾಗ ಎದರಿಗೆ ಕುಂತಿದ್ಲು. ನನ್ನ ಮಾರಿ ಮ್ಯಾಲೆ ಉಗುಳ್ತಾಳ, ಕೂದಲಾ ಹಿಡದ ಎಳೀತಾಳ ಅಂತ ನಾ ದಾರಿ ಕಾಯ್ದ್ನಿ. ಒಂದ ಮಾತ ಆಡ್ಲಿಲ್ಲ. ಎದ್ದ ಹ್ವಾದ್ಲು. ಗಂಡಾನೂ ಬೈಲಿಲ್ಲ, ಮೈದುನಾನೂ ಬೈಲಿಲ್ಲ. ಜಜ್ಜಸಾಹೇಬಾ ಇಂಗ್ಲೀಷಿನಾಗ ಏನೋ ಓದಿದಾ. ಯಾರೂ ನನಗ 'ಯಾಕ ಹೊಡದೀ' ಅಂತ ಕೇಳಲಿಲ್ರಿ."

ನಾನು ಹಾಸಿಗೆಯ ತುದಿಗೆ ಕೂತುಬಿಟ್ಟೆ. ಇಷ್ಟು ವರ್ಷ ಜೈಲಿನಲ್ಲಿ ಬೈದು ಬೈದೇ ಬದುಕಿದವಳಿಗೆ ಇಂಥದೊಂದು ಇದ್ದೀತು ಅಂತ ಹೊಳೆದೇ ಇರಲಿಲ್ಲ. ಎಲ್ಲರೂ ಅಯ್ಯೋ ಪಾಪ ಎಂದರೆ, ಇಲ್ಲವೇ ಮುಖ ತಿರುಗಿಸಿದರೆ, ತಪ್ಪು ಮಾಡಿದವಳು ಆ ತಪ್ಪನ್ನು ಎಲ್ಲಿ ಇಳಿಸಬೇಕು?

ಆ ಸಂಜೆಯೇ ಮತ್ತೆ ಸಿದ್ರಾಮಪ್ಪನವರ ಅಂಗಡಿಗೆ ಹೋದೆ. "ಸಂಗವ್ವನ ಅವ್ವ ಇದ್ದಾಳಲ್ಲ, ಆ ಮುದುಕೀನ ಕರಸಬೇಕ್ರಿ," ಎಂದೆ.

ಅವರು ತೂಕದ ಕಲ್ಲನ್ನು ಕೆಳಗಿಟ್ಟರು. "ಏನ್ ಮಾತಾಡ್ತೀರಿ, ಅಂಬಾಬಾಯಾರ? ಮಗಳನ್ನ ಕಳಕೊಂಡಾಕಿನ್ನ, ಮಗಳನ್ನ ಕೊಂದಾಕೀ ಬಾಯಾಗ ಅನ್ನಾ ಹಾಕ್ಲಿಕ್ಕೆ ಕರಸೋದs? ಯಾವ ಬಾಯಿಲೆ ಕರೀಲಿ?"

"ಅನ್ನಾ ಹಾಕ್ಲಿಕ್ಕೆ ಅಂತ ಕರೀಬ್ಯಾಡ್ರಿ. ಬೈಲಿಕ್ಕೆ ಕರೀರಿ. ಬಸವಣ್ಣೆವ್ವ ಸಾಯ್ಲಿಕ್ಕೆ ಬಿದ್ದಾಳ, ಬೈಯೋದು ಇದ್ರ ಈಗs ಬಂದು ಬೈದು ಹೋಗು ಅಂತ ಹೇಳಿಸ್ರಿ."

ಅವರು ನನ್ನನ್ನು ಹುಚ್ಚರ ಆಸ್ಪತ್ರೆಗೆ ಕಳಿಸುವವರ ಹಾಗೆ ನೋಡಿದರು. ಆದರೂ ಮನುಷ್ಯ ಒಳ್ಳೆಯವರು. ಅವರ ಅಳಿಯ ಈರಬಸಪ್ಪ ಆ ರಾತ್ರಿಯ ಗಾಡಿಗೆ ಬೈಲಹೊಂಗಲದ ಕಡೆ ಹೊರಡುವವನಿದ್ದ, ಅವನಿಗೇ ಹೇಳಿ ಕಳಿಸಿದರು. ಆಗ ಡಾಕ್ಟರ ಕೊಟ್ಟ ಹತ್ತು ದಿನದಲ್ಲಿ ಆರು ಉಳಿದಿದ್ದವು.

ಆ ಆರು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಬಸವಣ್ಣೆವ್ವನಿಗೆ ಏನೂ ಹೇಳಲಿಲ್ಲ. ಬರುತ್ತಾಳೆ ಎಂದು ಹೇಳಿ ಬರದಿದ್ದರೆ? ಬಂದು ಕುತ್ತಿಗೆಗೇ ಕೈ ಹಾಕಿದರೆ? ಎರಡಕ್ಕೂ ನಾನೇ ಹೊಣೆ. ಬೆಳಿಗ್ಗೆ, ಸಂಜೆ ನಳಿಗೆಯ ಹಾಲು ನಡೆದಿತ್ತು. ಬಸವಣ್ಣೆವ್ವನ ಕೆನ್ನೆಯ ಎಲುಬುಗಳು ಎದ್ದು ಕಾಣುತ್ತಿದ್ದವು, ಕೂತು ಕೈ ನೋಡಿಕೊಳ್ಳುವ ಶಕ್ತಿಯೂ ಉಡುಗಿತ್ತು. ಭಾಮಾ ಈಗ ಹೆದರುತ್ತಿರಲಿಲ್ಲ. ಯಾರೂ ಹೇಳದೆಯೇ ಬಂದು ಆಕೆಯ ಕಾಲು ಒತ್ತುತ್ತಿದ್ದಳು. ನಾನು ಕಂಡರೂ ಕಾಣದಂತಿದ್ದೆ.

ಐದನೆಯ ದಿನವೂ ಯಾರೂ ಬರಲಿಲ್ಲ. ಸಾಹೇಬ ಅವತ್ತು ಸಂಜೆ ಬಂದು ನಾಡಿ ಹಿಡಿದು ನೋಡಿ, ನಾಳೆ ಮಧ್ಯಾಹ್ನ ಕಾಗದಕ್ಕೆ ಸಹಿ ಮಾಡುತ್ತೇನೆ, ಗಾಡಿಗೆ ಹೇಳಿಡು ಎಂದ. ಸರಿ, ಎಂದೆ.

ಕಡೆಯ ದಿನ ಬೆಳಿಗ್ಗೆ ಹತ್ತಕ್ಕೆ ಗೇಟಿನ ಸಿಪಾಯಿ ಬಂದು, ಯಾರೋ ಮುದುಕಿ ಬಂದಿದ್ದಾಳೆ ಎಂದ. ಓಡಿದೆ.

ಶಿವಗಂಗವ್ವ ಕುಳ್ಳಗೆ, ಕಪ್ಪಗೆ, ಬಡಕಲು ಹೆಂಗಸು. ಅರವತ್ತು ದಾಟಿರಬೇಕು. ಮಾಸಿದ ಇರಕಲ್ ಸೀರೆ, ಕಂಕುಳಲ್ಲಿ ಒಂದು ಗಂಟು. ಈರಬಸಪ್ಪ ಹಿಂದೆ ನಿಂತಿದ್ದ.

"ಇನ್ನಾ ಅದಾಳೇನ್ರಿ?" ಎಂದಳು ಮುದುಕಿ.

"ಇದ್ದಾಳ."

"ಹುಂ," ಎಂದು ನನ್ನ ಹಿಂದೆ ಬಂದಳು.

ಖೈದಿ ಎದ್ದು ಬರುವಂತಿಲ್ಲವೆಂದು ಹಾಸಿಗೆಯ ಬಳಿಯೇ ಭೆಟ್ಟಿಗೆ ದಿಗಂಬರಪಂತ ಅಪ್ಪಣೆ ಕೊಟ್ಟಿದ್ದ. ಅವನಿಗೆ ಹಿಂದೆ ಬೈದದ್ದಕ್ಕೆ ಹೋಗಿ ತಪ್ಪಾಯಿತು ಎಂದದ್ದು ಕೆಲಸಕ್ಕೆ ಬಂತು. ಬಾಗಿಲಲ್ಲಿ ಶಿವಗಂಗವ್ವನನ್ನು ಕಂಡ ಬಸವಣ್ಣೆವ್ವ ಏಳಲು ಹೋಗಿ, ಆಗದೆ, ಗೋಡೆಯ ಕಡೆ ಮುಖ ತಿರುಗಿಸಿದಳು.

"ಈ ಕಡೆ ತಿರುಗು," ಎಂದಳು ಶಿವಗಂಗವ್ವ.

ಆಕೆ ತಿರುಗಿದಳು.

"ನನ್ನ ಮಗಳು ಕಡೀಕ ಏನಂದ್ಲು?"

ನಾನು ಬೈಗಳಕ್ಕೆ ಮೈ ಬಿಗಿಹಿಡಿದು ನಿಂತವಳು, ಈ ಪ್ರಶ್ನೆ ಕೇಳಿ ದಂಗಾದೆ.

"ಅಲ್ಲಿ ನೀ ಒಬ್ಬಾಕೀನs ಇದ್ದಿ. ಕೋರ್ಟಿನ್ಯಾಗ ಗಾಯ ಎಷ್ಟ ಆಳ, ಕೊಳವಿ ಎಷ್ಟ ಉದ್ದ ಅಂತ ಕೇಳಿದ್ರು. ಆಕಿ ಏನಂದ್ಲು ಅಂತ ಒಬ್ಬಾಂವಾರ ಕೇಳಿದ್ನೇನು? ಹೇಳು. ಏನಂದ್ಲು?"

ಬಸವಣ್ಣೆವ್ವ ಮುದುಕಿಯನ್ನೇ ನೋಡುತ್ತ ಹೇಳಿದಳು. "'ಅಕ್ಕಾ, ರೊಟ್ಟಿ ಹೊತ್ತಾಕತ್ತೈತಿ ನೋಡು' ಅಂದ್ಲು."

"ನೋಡಿದ್ಯಾ?"

"ನೋಡಿದ್ನಿ. ಹಂಚಿನ ಮ್ಯಾಲಿಂದ ತಗದು ಇಟ್ನಿ. ಹೊಳ್ಳಿ ನೋಡೂದ್ರಾಗ ಗ್ವಾಡಿಗೆ ಜೋತಬಿದ್ದಿದ್ಲು. ಸುಮ್ಮನ ಕುಂತಾಳ ಅಂತ ತಿಳದ್ನಿ, ಯವ್ವಾ. ಸಿಟ್ಟಮಾಡಿ ಕುಂತಾಳ ಅಂತ."

ಆಗ ಶಿವಗಂಗವ್ವ ಬಾಯಿ ತೆಗೆದಳು. ನಾನು ಬೈಯುವುದರಲ್ಲಿ ಪಳಗಿದವಳು ಅಂದುಕೊಂಡಿದ್ದೆ. ಆಕೆಯ ಮುಂದೆ ನಾನು ಏನೂ ಅಲ್ಲ. ನಿನ್ನ ಕೈ ಸೇದಿ ಹೋಗಲಿ, ನಿನ್ನ ಬಾಯಾಗ ಮಣ್ಣು ಬೀಳಲಿ ಎಂದು ಶುರುವಾದದ್ದು ಮುಂದೆ ಬೇರೆ ದಾರಿ ಹಿಡಿಯಿತು. ಮದುವೆಯಾಗಿ ಬಂದ ದಿನ ನನ್ನ ಮಗಳ ತಲೆಗೆ ಎಣ್ಣೆ ಹಚ್ಚಿ ಎರೆದವಳು ನೀನು. ಪಂಚಮಿಗೆ ತವರಿಗೆ ಬಂದರೆ ಅಕ್ಕ ಹಂಗ, ಅಕ್ಕ ಹಿಂಗ ಅಂತ ನಿನ್ನ ಮಾತೇ ಆಕೆಯ ಬಾಯಲ್ಲಿ. ಆಕೆಗೆ ಜ್ವರ ಬಂದಾಗ ಮೂರು ದಿನ ನಿದ್ದೆಗೆಟ್ಟವಳು ನೀನು. ಒಂದು ಕರುವಿಗಾಗಿ, ಒಂದು ಚರಿಗೆ ಹಾಲಿಗಾಗಿ! ಆಕೀನ ಸಾಕಿದ ಕೈಯಿಂದ್ಲೇ! ಯಾಕ ಹೊಡದೀ? ಹೇಳು, ಯಾಕ ಹೊಡದೀ?

"ಸಿಟ್ಟ ಬಂದಿತ್ತು," ಎಂದಳು ಬಸವಣ್ಣೆವ್ವ. "ಬ್ಯಾರೆ ಏನೂ ಇಲ್ಲ. ಸಿಟ್ಟ ಬಂದಿತ್ತು, ಯವ್ವಾ," ಎಂದವಳೇ ಅಳಲು ಶುರುಮಾಡಿದಳು. ಜೈಲಿಗೆ ಬಂದು ಹದಿನಾಲ್ಕು ದಿನದಲ್ಲಿ ಆಕೆ ಬಾಯಿಬಿಟ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ. ನೀರಿಲ್ಲದ ಮೈಯಲ್ಲಿ ಅಷ್ಟು ಕಣ್ಣೀರು ಎಲ್ಲಿಂದ ಬಂತೋ.

ಮುದುಕಿ ನಿಲ್ಲಿಸಲಿಲ್ಲ. "ಈಗ ಉಪಾಸಾ ಮಾಡಿ ಸತ್ತು ಶರಣಿ ಆಗಬೇಕಂತ ಮಾಡೀಯೇನು? ಊರಾಗ ಏನಂತಾರ ಗೊತ್ತೈತೇನು? ಪುಣ್ಯವಂತಿ, ಲಿಂಗಕ್ಕ ಅಂಜಿ ಅನ್ನಾ ಬಿಟ್ಟು ಸತ್ಲು ಅಂತಾರ. ನನ್ನ ಮಗಳನ್ನ ಕೊಂದಾಕಿ ಪುಣ್ಯವಂತಿ ಆಗಬೇಕೇನು? ಬಿಡೂದಿಲ್ಲ ನಾ. ಏಳ ವರ್ಷ ಅಂದಾರಲ್ಲ, ಏಳೂ ವರ್ಷ ಉಣ್ಣು. ದಿನಾ ಉಣ್ಣು, ದಿನಾ ನೆನಸು. ಎಲ್ಲೈತಿ ನಿನ್ನ ಲಿಂಗಾ?"

ನಾನು ಕರಡಿಗೆ ಇದ್ದ ಬಟ್ಟೆಯನ್ನು ಹಾಸಿಗೆಯ ಮೇಲಿಟ್ಟೆ.

"ನಾ ಮುಟ್ಟೂದಿಲ್ಲ. ನೀನs ತಗೀ, ನೀನs ಹಿಡಿ. ಮಾಫ ಮಾಡೀನಿ ಅಂತ ತಿಳೀಬ್ಯಾಡ, ಮಾಡೂದಿಲ್ಲ. ಆದ್ರ ನಿನ್ನ ಕೈಯಾಗ ಅದು ಕುಂದ್ರಬೇಕೋ ಬ್ಯಾಡೋ ಅಂತ ಹೇಳಾಕ ನೀ ಯಾಕಿ? ಹಿಡಿ ಕೈ!"

ಬಸವಣ್ಣೆವ್ವ ಹಿಡಿದಳು. ಲಿಂಗ ಎಲ್ಲಿ ಉರುಳಿ ಬೀಳುವುದೋ ಎಂದು ನಾನು ಕೆಳಗೆ ಸೆರಗು ಒಡ್ಡಿದೆ. ಬೀಳಲಿಲ್ಲ. ಭಾಮಾ ಬಾಗಿಲಲ್ಲಿ ನಿಂತು ಕೈಮುಗಿದಿದ್ದಳು.

ಆಮೇಲೆ ಮುದುಕಿ ಗಂಟು ಬಿಚ್ಚಿದಳು. ದಾರಿಗೆಂದು ಕಟ್ಟಿಕೊಂಡು ಬಂದ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಒಂದನ್ನೂ ಮುಟ್ಟಿದಂತಿರಲಿಲ್ಲ. ರೊಟ್ಟಿ ಮುರಿದು ಬಸವಣ್ಣೆವ್ವನ ಬಾಯಿಗೆ ಹಿಡಿದೇಬಿಟ್ಟಳು.

"ಏ ಏ, ಏನ್ ಮಾಡ್ತೀರಿ!" ಎಂದು ನಾನು ಕೈ ಅಡ್ಡ ಹಿಡಿದೆ. "ಎರಡು ವಾರ ಉಪಾಸ ಬಿದ್ದ ಹೊಟ್ಟಿಗೆ ಕಡಕ್ ರೊಟ್ಟಿ ಹಾಕ್ತಾರೇನ್ರಿ? ಕೊಲ್ಲಬೇಕಂತೀರೇನು?"

ಹೊರಗಿನ ಅನ್ನ ಜೈಲಿನೊಳಗೆ ಬರುವಂತಿಲ್ಲ. ಖೈದಿಗಳ ತಾಯಂದಿರಿಂದ ಚಕ್ಕುಲಿ, ಉಂಡಿ ಕಸಿದುಕೊಂಡು ಹೊರಗೆ ಅಟ್ಟಿದವಳು ನಾನು. ಅವತ್ತು ಆ ರೊಟ್ಟಿಯನ್ನು ನಾನೇ ಪುಡಿ ಮಾಡಿ, ಬಿಸಿ ಹಾಲಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಬಟ್ಟಲನ್ನು ಮುದುಕಿಯ ಕೈಗೆ ಕೊಟ್ಟೆ. ಆಕೆ ಒಂದೊಂದೇ ತುತ್ತು ತಿನ್ನಿಸಿದಳು. ತಿನ್ನಿಸುತ್ತಲೇ ಬೈಯುತ್ತಿದ್ದಳು. ಬಸವಣ್ಣೆವ್ವ ಅಳುತ್ತಲೇ ನುಂಗುತ್ತಿದ್ದಳು. ಅರ್ಧ ಬಟ್ಟಲಿಗೆ ನಾನು ಸಾಕೆಂದು ತೆಗೆದುಕೊಂಡೆ.

ಮಧ್ಯಾಹ್ನ ಸಾಹೇಬ ಬಂದ. ನಾನು ಹಾಲು, ಗಂಜಿ ಇಟ್ಟೆ. ಬಸವಣ್ಣೆವ್ವ ತನ್ನ ಕೈಯಾರೆ ಕುಡಿದಳು. ಅವನು ಹುಬ್ಬೇರಿಸಿ, ಯಾವ ಔಷಧ ಕೊಟ್ಟೆ ಎಂದ. ಬೈಗಳ ಎಂದು ಇಂಗ್ಲಿಷಿನಲ್ಲಿ ಹೇಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ, ಖಾಲಿ ಬಟ್ಟಲು ತೋರಿಸಿದೆ. ಅವನು ಗಡಿಯಾರ ನೋಡಿಕೊಂಡು, ಸಹಿ ಮಾಡಬೇಕಿದ್ದ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋದ.

ಶಿವಗಂಗವ್ವ ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಈರಬಸಪ್ಪ ಟಾಂಗಾ ತರಲು ಹೋಗಿದ್ದ. ಸುದ್ದಿ ಹೇಳಿದೆ: ಆಸ್ಪತ್ರೆಗೆ ಕಳಿಸುವುದಿಲ್ಲ, ಬದುಕುತ್ತಾಳೆ. ಆಕೆ ತಲೆದೂಗಿದಳು. ಸಂತೋಷವಾಯಿತೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಕೈಮುಗಿಯಲು ಹೋದೆ, ಆಕೆ ನನ್ನ ಕೈ ತಡೆದಳು.

"ಮತ್ತ ಯಾವಾಗ ಬಿಡ್ತಾರ್ರಿ, ಭೆಟ್ಟಿಗೆ?"

ನಾನು ಕೇಳಿದ್ದು ಸರಿಯೋ ಎಂದು ನೋಡಿದೆ. "ಮೂರು ತಿಂಗಳಿಗೊಮ್ಮೆ ಅದ. ಯಾಕ್ರೀ?"

"ಹಂಗಾರ ಸುಗ್ಗಿ ಮುಗಿಸಿ ಬರ್ತೀನಿ."

"ಇಷ್ಟು ದೂರ, ಈ ವಯಸ್ಸಿನಾಗ, ಮತ್ತ ಬೈಲಿಕ್ಕೆ ಬರ್ತೀರೇನ್ರಿ?"

"ಬೈತೀನಿ. ಬೈಯೂದೂ ಐತಿ." ಆಕೆ ಖಾಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದಳು. "ಅಳಿಯಾ ಇನ್ನೊಂದ ಲಗ್ನಾ ಆದಾ. ಗಂಡಸರು ಆ ಮಾತ ತಗೀಬ್ಯಾಡ ಅಂತಾರ. ಓಣ್ಯಾಗಿನವರು ನನ್ನ ಕಂಡ್ರ ಮಾತ ಹೊಳ್ಳಿಸ್ತಾರ. ಊರಾಗ ನನ್ನ ಸಂಗವ್ವನ ಹೆಸರ ತಗಿಯಾವರs ಇಲ್ರಿ, ಬಾಯಾರ. ಆಕೀ ಜೋಡಿ ಹತ್ತ ವರ್ಷ ಇದ್ದಾಕಿ ಇಕಿ ಒಬ್ಬಾಕೀನs. ಆಕಿ ಹ್ಯಾಂಗ ನಗ್ತಿದ್ಲು, ಏನ ಉಣ್ತಿದ್ಲು, ಎಲ್ಲಾ ಇಕಿಗೇ ಗೊತ್ತೈತಿ."

ಟಾಂಗಾ ಬಂತು. ಈರಬಸಪ್ಪ ಕೈ ಹಿಡಿದು ಹತ್ತಿಸಿದ. ಕೂತ ಮೇಲೆ ಆಕೆ ಬಾಗಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ನಾ ಬರೂ ತನಕಾ ಅಕೀನ ಸಾಯಾಕ ಬಿಡಬ್ಯಾಡ್ರಿ."